ಗಡ್ಡದ ಓತಿಗೆ ಬೆಚ್ಚನೆಯ ಸ್ನಾನ: ಸಾಕುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಚಾಮರಾಜನಗರ: ಬೇಲಿಯ ಗೂಟದ ಮೇಲೆ ಕುಳಿತು ತಲೆಯಾಡಿಸುವ ಓತಿಕ್ಯಾತ ಚಾಮರಾಜನಗರ ಮತ್ತು ಗುಂಡ್ಲುಪೇಟೆ ಸೀಮೆಯ ಜನರಿಗೆ ಹೊಸದಲ್ಲ. ಹೊಲದ ಬದು, ಬಂಡೆ, ಕಳ್ಳಿಸಾಲು ಎಲ್ಲೆಡೆಯೂ ಅದರ ವಾಸ. ಅದನ್ನು ಮನೆಯೊಳಗೆ ಸಾಕುವ ಯೋಚನೆ ಮಾತ್ರ ಇಲ್ಲಿ ಯಾರಿಗೂ ಬಂದಿದ್ದಿಲ್ಲ. ಆದರೆ ಅದರ ದೂರದ ನೆಂಟನೊಂದು ಆಸ್ಟ್ರೇಲಿಯಾದ ಮರುಭೂಮಿಯಿಂದ ಹೊರಟು, ಯೂರೋಪು ಹಾಗೂ ಅಮೆರಿಕಗಳ ಮನೆಗಳನ್ನು ಸುತ್ತಿ, ಈಗ ಭಾರತದ ನಗರಗಳ ಗಾಜಿನ ಪೆಟ್ಟಿಗೆಗಳಿಗೂ ಬಂದಿದೆ. ಅದುವೇ ಬಿಯರ್ಡೆಡ್ ಡ್ರ್ಯಾಗನ್. ಕನ್ನಡದಲ್ಲಿ ‘ಗಡ್ಡದ ಓತಿ’ ಎನ್ನಬಹುದು.

ಶಾಂತ ಸ್ವಭಾವದ, ಕೈಮೇಲೆ ಸುಮ್ಮನೆ ಕೂರುವ ಈ ಪ್ರಾಣಿಯನ್ನು ಕಂಡು ಮಕ್ಕಳು ಹಟ ಹಿಡಿಯುವುದು ಸಹಜ. ಆದರೆ ನಾಯಿ, ಬೆಕ್ಕುಗಳಂತೆ ಇದು ಮನೆಯವರು ಉಂಡದ್ದನ್ನು ಉಂಡು ಬೆಳೆಯುವ ಜೀವವಲ್ಲ. ನೀರಿನ ಬಿಸಿ ಐದಾರು ಡಿಗ್ರಿ ಹೆಚ್ಚಾದರೂ, ದೀಪದ ಬೆಳಕು ಕಡಿಮೆಯಾದರೂ ಇದರ ಜೀವಕ್ಕೆ ಕುತ್ತು. ಸರೀಸೃಪಗಳ ಚಿಕಿತ್ಸೆಯಲ್ಲಿ ಪಳಗಿದ ವೈದ್ಯರು ಸಣ್ಣ ಊರುಗಳಲ್ಲಿ ಸಿಗುವುದು ಅಪರೂಪವಾದ್ದರಿಂದ, ಕಾಯಿಲೆ ಬಾರದಂತೆ ನೋಡಿಕೊಳ್ಳುವುದೇ ಇಲ್ಲಿ ಮೊದಲ ಚಿಕಿತ್ಸೆ.

ಯಾವುದೀ ಪ್ರಾಣಿ?

ಇದರ ವೈಜ್ಞಾನಿಕ ಹೆಸರು ಪೊಗೊನಾ ವಿಟ್ಟಿಸೆಪ್ಸ್. ಗ್ರೀಕ್ ಭಾಷೆಯಲ್ಲಿ ‘ಪೊಗೊನ್’ ಎಂದರೆ ಗಡ್ಡ. ಬೆದರಿದಾಗ ಅಥವಾ ಸಿಟ್ಟಾದಾಗ ಇದು ಕತ್ತಿನ ಕೆಳಗಿನ ಮುಳ್ಳುಮುಳ್ಳಾದ ಚರ್ಮವನ್ನು ಉಬ್ಬಿಸಿ ಕಪ್ಪಾಗಿಸುತ್ತದೆ. ಆಗ ಗಡ್ಡ ಬಿಟ್ಟಂತೆಯೇ ಕಾಣುತ್ತದೆ. 1926ರಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಅರ್ನ್ಸ್ಟ್ ಆಲ್ ಈ ಪ್ರಭೇದವನ್ನು ಮೊದಲ ಬಾರಿಗೆ ವಿವರಿಸಿದರು. ಬೆಳೆದ ಪ್ರಾಣಿ ಬಾಲವೂ ಸೇರಿ 40ರಿಂದ 60 ಸೆಂ.ಮೀ. ಉದ್ದವಿರುತ್ತದೆ. ಸರಿಯಾದ ಆರೈಕೆ ದೊರೆತರೆ 10 ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬಾಳುತ್ತದೆ. ಅಂದರೆ ಐದನೇ ತರಗತಿಯ ಬಾಲಕನಿಗೆ ತಂದುಕೊಟ್ಟ ಮರಿಯನ್ನು ಆತ ಕಾಲೇಜು ಮುಗಿಸುವವರೆಗೂ ನೋಡಿಕೊಳ್ಳಬೇಕಾಗುತ್ತದೆ.

ನಮ್ಮ ಓತಿಕ್ಯಾತ, ಬಂಡೆಗಳ ಮೇಲೆ ಕಾಣುವ ಬಂಡೆ ಓತಿ, ಪಶ್ಚಿಮಘಟ್ಟದ ಹಾರುವ ಓತಿ ಎಲ್ಲವೂ ‘ಅಗಮಿಡೆ’ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯ ಓದುಗರಿಗೆ ಹಾರುವ ಓತಿಯ ಪರಿಚಯವಿದ್ದೇ ಇದೆ. ಗಡ್ಡದ ಓತಿಯೂ ಇದೇ ಕುಟುಂಬದ್ದು. ತಲೆಯಾಡಿಸುವ ಚಾಳಿಯೂ ಅದೇ. ಮನೆಯ ಹಲ್ಲಿಯ ಬಾಲ ಕಳಚಿ ಬಿದ್ದರೆ ಮತ್ತೆ ಬೆಳೆಯುತ್ತದೆ. ಗಡ್ಡದ ಓತಿಯ ಬಾಲ ಹಾಗಲ್ಲ, ಒಮ್ಮೆ ಹೋದರೆ ಹೋದಂತೆಯೇ. ಆದ್ದರಿಂದ ಬಾಲ ಹಿಡಿದು ಎತ್ತಬಾರದು. ಎದೆ ಮತ್ತು ಹಿಂಗಾಲುಗಳ ಅಡಿ ಕೈಯಿಟ್ಟು, ಇಡೀ ದೇಹಕ್ಕೆ ಆಸರೆ ಸಿಗುವಂತೆ ಎತ್ತಬೇಕು.

ಮರುಭೂಮಿಯ ಪ್ರಾಣಿಗೆ ಸ್ನಾನವೇಕೆ?

ಒಣಭೂಮಿಯ ಪ್ರಾಣಿಗೆ ಸ್ನಾನ ಏಕೆಂಬ ಪ್ರಶ್ನೆ ಸಹಜವೇ. ಕಾಡಿನಲ್ಲಿ ಇದಕ್ಕೆ ಸ್ನಾನ ಮಾಡಿಸುವವರಾರೂ ಇಲ್ಲ. ಮಳೆ ಬಂದಾಗ ಮೈಮೇಲೆ ಹರಿಯುವ ನೀರನ್ನು ನೆಕ್ಕುತ್ತದೆ. ತಿನ್ನುವ ಸೊಪ್ಪು ಮತ್ತು ಹುಳುಗಳಿಂದಲೂ ನೀರಿನಂಶ ಪಡೆಯುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಬಟ್ಟಲಲ್ಲಿಟ್ಟ ನಿಂತ ನೀರನ್ನು ಹಲವು ಓತಿಗಳು ನೀರೆಂದು ಗುರುತಿಸುವುದೇ ಇಲ್ಲ. ಇತ್ತ ದೀಪದ ಕಾವಿಗೆ ದೇಹದ ನೀರು ಆರುತ್ತಲೇ ಇರುತ್ತದೆ. ಸ್ನಾನಕ್ಕಿಳಿಸಿದಾಗ ಅನೇಕ ಓತಿಗಳು ತಲೆ ತಗ್ಗಿಸಿ ನೀರು ಕುಡಿಯುತ್ತವೆ. ಸ್ನಾನದ ಮೊದಲ ಪ್ರಯೋಜನ ಇದು.

ಓತಿಯು ಚರ್ಮದ ಮೂಲಕ ಅಥವಾ ಗುದದ್ವಾರದ ಮೂಲಕ ನೀರು ಹೀರಿಕೊಳ್ಳುತ್ತದೆ ಎಂಬ ನಂಬಿಕೆ ಸಾಕುವವರಲ್ಲಿ ವ್ಯಾಪಕವಾಗಿದೆ. ಕಪ್ಪೆಯ ಚರ್ಮ ನೀರನ್ನು ಹೀರುತ್ತದೆ, ನಿಜ. ಆದರೆ ಓತಿಯ ಮೈಮೇಲಿನ ಹುರುಪೆ ಇರುವುದೇ ದೇಹದ ನೀರು ಆರದಂತೆ ತಡೆಯಲು. ಆದ್ದರಿಂದ ಇದು ಕುಡಿಯಬೇಕಾದದ್ದು ಬಾಯಿಯಿಂದಲೇ. ಗಂಟೆಗಟ್ಟಲೆ ನೀರಿನಲ್ಲಿ ನೆನೆಸಿಟ್ಟರೆ ಹೆಚ್ಚಿನ ಲಾಭವೇನೂ ಇಲ್ಲ.

ಮೈಗೆ ಅಂಟಿದ ಮಲ ಮತ್ತು ಆಹಾರದ ತುಣುಕು ತೊಳೆದುಹೋಗುವುದು ಎರಡನೆಯ ಪ್ರಯೋಜನ. ಬೆಚ್ಚನೆಯ ನೀರಿನಲ್ಲಿ ಓಡಾಡುವಾಗ ಮಲವಿಸರ್ಜನೆ ಸುಲಭವಾಗುವುದು ಮೂರನೆಯದು. ಪೊರೆ ಬಿಡುವ ಸಮಯದಲ್ಲಿ ಹಳೆಯ ಚರ್ಮ ಮೆದುವಾಗುವುದು ನಾಲ್ಕನೆಯದು.

ಸ್ನಾನದ ಕ್ರಮ

ಆರೋಗ್ಯವಂತ ಪ್ರಾಣಿಗೆ ವಾರಕ್ಕೊಮ್ಮೆ ಸ್ನಾನ ಸಾಕು. ಪೊರೆ ಬಿಡುತ್ತಿರುವಾಗ ವಾರಕ್ಕೆ ಎರಡು ಮೂರು ಬಾರಿ ಮಾಡಿಸಬಹುದು. ಬೆಳಗಿನ ಹೊತ್ತು ಅಥವಾ ಮಧ್ಯಾಹ್ನಕ್ಕೆ ಮೊದಲು ಮಾಡಿಸುವುದು ಲೇಸು. ಸಂಜೆ ಸ್ನಾನ ಮಾಡಿಸಿದರೆ ಮೈ ಕಾಯಿಸಿಕೊಳ್ಳಲು ಸಮಯ ಸಿಗದೆ ಒದ್ದೆ ಮೈಯಲ್ಲೇ ರಾತ್ರಿ ಕಳೆಯಬೇಕಾಗುತ್ತದೆ.

ಅಗಲವಾದ ಪ್ಲಾಸ್ಟಿಕ್ ಟಬ್ ಒಂದನ್ನು ಇದಕ್ಕೆಂದೇ ಮೀಸಲಿಡಬೇಕು. ಅಡುಗೆಮನೆಯ ಸಿಂಕ್ ಅಥವಾ ಪಾತ್ರೆಗಳನ್ನು ಎಂದಿಗೂ ಬಳಸಬಾರದು. ನೀರಿನ ಉಷ್ಣತೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಕೈಯ ಒಳಮಣಿಕಟ್ಟಿಗೆ ನೀರು ತಾಗಿಸಿದಾಗ ಬಿಸಿಯೂ ಅಲ್ಲದ, ತಣ್ಣಗೂ ಅಲ್ಲದ ಅನುಭವವಾದರೆ ಅದು ಸರಿಸುಮಾರು ಈ ಉಷ್ಣತೆ. ಹಾಗಿದ್ದರೂ ಅಂದಾಜಿಗೆ ಬದಲು ಥರ್ಮಾಮೀಟರ್ ಬಳಸುವುದು ಕ್ಷೇಮ. ಮನುಷ್ಯರು ಇಷ್ಟಪಡುವ ಬಿಸಿನೀರು ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಬಿಸಿಯಿರುತ್ತದೆ. ಗೀಸರ್ ಅಥವಾ ಹಂಡೆಯ ನೀರನ್ನು ಮೊದಲು ತಣ್ಣೀರಿನೊಡನೆ ಬೆರೆಸಿ, ಹದ ನೋಡಿದ ನಂತರವಷ್ಟೇ ಪ್ರಾಣಿಯನ್ನು ಇಳಿಸಬೇಕು. ಪ್ರಾಣಿ ಒಳಗಿರುವಾಗ ಮೇಲಿಂದ ಬಿಸಿನೀರು ಸುರಿಯಬಾರದು.

ನೀರಿನ ಆಳ ಮುಂಗಾಲಿನ ಮೊಣಗಂಟು ಮುಳುಗುವಷ್ಟು ಇದ್ದರೆ ಸಾಕು. ತಲೆ ಎತ್ತಿ ನಿಂತಾಗ ಬಾಯಿ, ಮೂಗು ನೀರಿನಿಂದ ಮೇಲಿರಬೇಕು. ತಳ ಜಾರದಂತೆ ಹಳೆಯ ಟವೆಲ್ಲೊಂದನ್ನು ಹಾಸಬೇಕು, ಇಲ್ಲವೇ ಚಪ್ಪಟೆ ಕಲ್ಲೊಂದನ್ನು ಇಡಬೇಕು. 10ರಿಂದ 15 ನಿಮಿಷದೊಳಗೆ ಸ್ನಾನ ಮುಗಿಯಬೇಕು. ಅಷ್ಟು ಹೊತ್ತೂ ಯಾರಾದರೊಬ್ಬರು ಪಕ್ಕದಲ್ಲೇ ಇರಬೇಕು. ಫೋನ್ ಬಂತೆಂದು ಎದ್ದುಹೋಗುವ ಎರಡು ನಿಮಿಷದಲ್ಲೇ ಪ್ರಾಣಿ ಮುಳುಗಿ ಸಾಯಬಹುದು.

ಸೋಪು, ಶಾಂಪೂ, ಅರಿಶಿನ, ಎಣ್ಣೆ ಯಾವುದೂ ಬೇಡ. ಬರೀ ನೀರು ಸಾಕು. ಕೊಳೆ ಅಂಟಿದ್ದರೆ ಮೃದುವಾದ ಹಲ್ಲುಜ್ಜುವ ಬ್ರಶ್‌ನಿಂದ ಹುರುಪೆಗಳು ಮಲಗಿರುವ ದಿಕ್ಕಿನಲ್ಲಿ ಮೆಲ್ಲಗೆ ಉಜ್ಜಬಹುದು. ಕಣ್ಣು ಮತ್ತು ಕಿವಿಯ ಮೇಲೆ ನೀರು ಹೊಯ್ಯಬಾರದು. ಹಲವು ಓತಿಗಳು ನೀರಿನಲ್ಲೇ ಮಲ ವಿಸರ್ಜಿಸುತ್ತವೆ. ಹಾಗಾದರೆ ತಕ್ಷಣ ಎತ್ತಿ ನೀರು ಬದಲಿಸಬೇಕು. ಅದೇ ನೀರನ್ನು ಅದು ಕುಡಿದೀತು.

ಸ್ನಾನವಾದ ಮೇಲೆ ಒಣಬಟ್ಟೆಯಿಂದ ಹೊಟ್ಟೆಯ ಅಡಿ, ಬೆರಳ ಸಂದಿ, ಬಾಲದ ಬುಡ ಒರೆಸಿ ನೇರವಾಗಿ ಕಾವಿನ ದೀಪದಡಿ ಬಿಡಬೇಕು. ಹೇರ್ ಡ್ರೈಯರ್ ಬಳಸಬಾರದು. ಟಬ್ಬನ್ನು ಸೋಂಕುನಿವಾರಕದಿಂದ ತೊಳೆದು ಬಿಸಿಲಿಗಿಡಬೇಕು. ನೀರನ್ನು ಅಡುಗೆಮನೆಯ ಬಚ್ಚಲಿಗಲ್ಲ, ಶೌಚಾಲಯಕ್ಕೆ ಸುರಿಯಬೇಕು.

ಸ್ನಾನಕ್ಕಿಳಿಸಿದೊಡನೆ ಗಡ್ಡ ಕಪ್ಪಾದರೆ, ಮೈ ಉಬ್ಬಿಸಿಕೊಂಡು ಟಬ್ಬಿನ ಗೋಡೆ ಕೆರೆದರೆ ಅದು ಹೆದರಿದೆ ಎಂದರ್ಥ. ಅಂಥ ಪ್ರಾಣಿಯನ್ನು ಬಲವಂತದಿಂದ ಮೀಯಿಸುವ ಅಗತ್ಯವಿಲ್ಲ. ಮೂಗಿನ ತುದಿಗೆ ಡ್ರಾಪರ್‌ನಿಂದ ಹನಿಹನಿಯಾಗಿ ನೀರು ಬಿಟ್ಟರೆ ನೆಕ್ಕಿ ಕುಡಿಯುತ್ತದೆ. ಸೊಪ್ಪಿಗೆ ನೀರು ಚಿಮುಕಿಸಿ ಕೊಡಬಹುದು. ನೀರು ಸಾಲುತ್ತಿದೆಯೇ ಎಂದು ತಿಳಿಯಲು ಮಲದೊಡನೆ ಬರುವ ಬಿಳಿಯ ಭಾಗವನ್ನು ನೋಡಬೇಕು. ಅದು ಸರೀಸೃಪದ ಮೂತ್ರದ ಗಟ್ಟಿ ರೂಪವಾದ ಯೂರೇಟ್. ಬೆಳ್ಳಗೆ ಮೆತ್ತಗಿದ್ದರೆ ಚಿಂತೆಯಿಲ್ಲ. ಹಳದಿಯಾಗಿ ಗಟ್ಟಿಯಾಗಿದ್ದರೆ ನೀರಿನ ಕೊರತೆಯ ಸೂಚನೆ.

ಪೊರೆ ಕೀಳಬೇಡಿ

ಹಾವು ಇಡಿಯಾಗಿ ಪೊರೆ ಬಿಡುತ್ತದೆ. ಗಡ್ಡದ ಓತಿ ತುಂಡುತುಂಡಾಗಿ ಬಿಡುತ್ತದೆ. ಆ ದಿನಗಳಲ್ಲಿ ಬಣ್ಣ ಮಾಸುತ್ತದೆ, ಊಟ ಕಡಿಮೆಯಾಗುತ್ತದೆ, ಸಿಡುಕು ಹೆಚ್ಚುತ್ತದೆ. ಅರ್ಧ ಎದ್ದ ಚರ್ಮವನ್ನು ಎಳೆದು ಕೀಳುವ ಆಸೆಯನ್ನು ಹತ್ತಿಕ್ಕಬೇಕು. ಅಡಿಯ ಹೊಸ ಚರ್ಮ ಬಲಿಯುವ ಮೊದಲೇ ಕಿತ್ತರೆ ಗಾಯವಾಗಿ ಸೋಂಕು ತಗುಲುತ್ತದೆ. ಆದರೆ ಬೆರಳು ಮತ್ತು ಬಾಲದ ತುದಿಯಲ್ಲಿ ಹಳೆಯ ಪೊರೆ ಉಂಗುರದಂತೆ ಉಳಿದುಬಿಟ್ಟರೆ ಅಪಾಯ. ಅದು ಒಣಗಿ ಬಿಗಿದು ರಕ್ತಸಂಚಾರ ನಿಲ್ಲಿಸುತ್ತದೆ, ತುದಿ ಕಪ್ಪಾಗಿ ಉದುರುತ್ತದೆ. ಇಂಥಲ್ಲಿ ಬೆಚ್ಚನೆಯ ನೀರಿನ ಸ್ನಾನವೇ ಮದ್ದು. ಎರಡು ಮೂರು ಸ್ನಾನದ ನಂತರವೂ ಬಿಡದಿದ್ದರೆ ವೈದ್ಯರಿಗೆ ತೋರಿಸಬೇಕು.

ಬಿಸಿಲಿಲ್ಲದೆ ಮೂಳೆಯಿಲ್ಲ

ಸ್ನಾನ ಒಂದು ಭಾಗವಷ್ಟೇ. ಗಡ್ಡದ ಓತಿಯ ಬದುಕು ನಿಂತಿರುವುದು ಕಾವು ಮತ್ತು ಬೆಳಕಿನ ಮೇಲೆ. ಬೆಳೆದ ಒಂದು ಪ್ರಾಣಿಗೆ ಕನಿಷ್ಠ 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ಪೆಟ್ಟಿಗೆ ಬೇಕು. ಒಂದು ಪೆಟ್ಟಿಗೆಯಲ್ಲಿ ಎರಡು ಗಂಡುಗಳನ್ನು ಬಿಟ್ಟರೆ ಕಾದಾಟ ನಿಶ್ಚಿತ. ಪೆಟ್ಟಿಗೆಯ ಒಂದು ತುದಿಯಲ್ಲಿ ಮೈಕಾಯಿಸುವ ಜಾಗ 38ರಿಂದ 42 ಡಿಗ್ರಿ, ಇನ್ನೊಂದು ತುದಿ 24ರಿಂದ 29 ಡಿಗ್ರಿ ಇರಬೇಕು. ತನಗೆ ಬೇಕಾದಷ್ಟು ಕಾವನ್ನು ಅದು ಅತ್ತಿತ್ತ ಓಡಾಡಿ ತಾನೇ ಹೊಂದಿಸಿಕೊಳ್ಳುತ್ತದೆ. ರಾತ್ರಿ ಎಲ್ಲ ದೀಪಗಳೂ ಆರಿರಬೇಕು.

ಕಾವಿನ ದೀಪದ ಜೊತೆಗೆ ಯುವಿಬಿ ದೀಪವೂ ಕಡ್ಡಾಯ. ಈ ಅತಿನೇರಳೆ ಕಿರಣ ಚರ್ಮಕ್ಕೆ ತಾಗಿದಾಗ ದೇಹ ವಿಟಮಿನ್ ಡಿ3 ತಯಾರಿಸುತ್ತದೆ. ಅದಿಲ್ಲದೆ ತಿಂದ ಕ್ಯಾಲ್ಸಿಯಂ ರಕ್ತಕ್ಕೆ ಸೇರುವುದಿಲ್ಲ. ಆಗ ದೇಹವು ಮೂಳೆಯಲ್ಲಿರುವ ಕ್ಯಾಲ್ಸಿಯಮ್ಮನ್ನೇ ಕರಗಿಸಿ ಬಳಸುತ್ತದೆ. ದವಡೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ಮೈ ನಡುಗುತ್ತದೆ. ಸಾಕಿದ ಓತಿಗಳನ್ನು ಹೆಚ್ಚಾಗಿ ಕಾಡುವ ಮೂಳೆರೋಗ ಇದು. ಬಾಗಿದ ಮೂಳೆ ಮತ್ತೆ ನೇರವಾಗದು.

ಕಿಟಕಿಯ ಬಳಿ ಪೆಟ್ಟಿಗೆ ಇಟ್ಟರೆ ಬಿಸಿಲು ಸಿಗುತ್ತದಲ್ಲ ಎಂಬುದು ಸಾಮಾನ್ಯ ತಪ್ಪು ತಿಳಿವಳಿಕೆ. ಕಿಟಕಿಯ ಗಾಜು ಯುವಿಬಿ ಕಿರಣವನ್ನು ಬಹುಪಾಲು ತಡೆದು, ಕಾವನ್ನಷ್ಟೇ ಒಳಬಿಡುತ್ತದೆ. ಬಿಸಿಲಿಗಿಟ್ಟ ಗಾಜಿನ ಪೆಟ್ಟಿಗೆ ನಿಮಿಷಗಳಲ್ಲೇ ಒಲೆಯಂತಾಗಿ ಪ್ರಾಣಿ ಬೆಂದು ಸಾಯುತ್ತದೆ. ಬೆಳಗಿನ ಎಳೆಬಿಸಿಲಿಗೆ ತಂತಿಜಾಲರಿಯ ಗೂಡಿನಲ್ಲಿ, ಅರ್ಧ ನೆರಳಿರುವಂತೆ, ಕಾಗೆ, ಹದ್ದು, ಬೆಕ್ಕು ತಾಗದಂತೆ ಅರ್ಧ ಗಂಟೆ ಬಿಡುವುದು ಒಳ್ಳೆಯದು. ಯುವಿಬಿ ದೀಪ ಉರಿಯುತ್ತಿದ್ದರೂ ಅದರ ಕಿರಣದ ಶಕ್ತಿ ಕುಂದುತ್ತಾ ಹೋಗುವುದರಿಂದ ತಯಾರಕರು ಸೂಚಿಸಿದ ಅವಧಿಗೆ, ಸಾಮಾನ್ಯವಾಗಿ 6ರಿಂದ 12 ತಿಂಗಳಿಗೆ, ಬದಲಿಸಬೇಕು.

ಎರಡೂರಿನ ಹವೆ

ಗಡ್ಡದ ಓತಿಗೆ ಒಣಹವೆ ಹಿತ. ಗಾಳಿಯ ತೇವಾಂಶ ಶೇ. 30ರಿಂದ 40ರ ಆಸುಪಾಸಿನಲ್ಲಿರಬೇಕು. ಚಾಮರಾಜನಗರದ ಮಾರ್ಚ್–ಏಪ್ರಿಲ್ ಬಿಸಿಲು ಇದಕ್ಕೆ ಒಗ್ಗುತ್ತದೆ. ಆದರೆ ಜಿಲ್ಲೆಗೆ ಮೇ ತಿಂಗಳಲ್ಲೊಮ್ಮೆ, ಮತ್ತೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲೊಮ್ಮೆ ಮಳೆ ಜೋರು. ಸುಮಾರು 800 ಮೀಟರ್ ಎತ್ತರದಲ್ಲಿರುವ ಗುಂಡ್ಲುಪೇಟೆಯಲ್ಲಿ ಮಳೆ, ಮೋಡ ಕವಿದ ದಿನಗಳಲ್ಲಿ ಥಂಡಿ ಹೆಚ್ಚು. ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮಂಜು ಹೆಸರುವಾಸಿ. ತೇವ ಮತ್ತು ತಂಪು ಒಟ್ಟಿಗೆ ಸೇರಿದರೆ ಓತಿಯ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಬಾಯಿ ತೆರೆದು ಏದುಸಿರು ಬಿಡುವುದು, ಮೂಗಿನಲ್ಲಿ ಗುಳ್ಳೆ, ಬಾಯಲ್ಲಿ ಲೋಳೆ ಇದರ ಲಕ್ಷಣ. ಕಾವಿನ ದೀಪದಡಿ ಬಾಯಿ ತೆರೆದು ಕೂರುವುದು ಮಾತ್ರ ಸಹಜ, ಅದು ಮೈಬಿಸಿ ಇಳಿಸಿಕೊಳ್ಳುವ ಕ್ರಮ.

ಆದ್ದರಿಂದ ಮಳೆಗಾಲದಲ್ಲಿ ಸ್ನಾನವನ್ನು ಕಡಿಮೆ ಮಾಡಬೇಕು. ಕರೆಂಟ್ ಇಲ್ಲದ ಹೊತ್ತಿನಲ್ಲಿ ಸ್ನಾನ ಮಾಡಿಸಲೇಬಾರದು, ಏಕೆಂದರೆ ನಂತರ ಮೈ ಕಾಯಿಸಲು ದೀಪವಿರುವುದಿಲ್ಲ. ನೀರಿನ ಬಟ್ಟಲನ್ನು ಪೆಟ್ಟಿಗೆಯ ತಂಪು ತುದಿಯಲ್ಲಿಟ್ಟು, ಮೇಲ್ಭಾಗದಲ್ಲಿ ಗಾಳಿಯಾಡಲು ಜಾಲರಿ ಇಡಬೇಕು. ಕರೆಂಟ್ ದೀರ್ಘಕಾಲ ಹೋದರೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪೆಟ್ಟಿಗೆಯಲ್ಲಿಡಬಹುದು. ಆ ಹೊತ್ತಿನಲ್ಲಿ ಆಹಾರ ಕೊಡಬಾರದು. ದೇಹ ತಣ್ಣಗಿದ್ದರೆ ತಿಂದದ್ದು ಜೀರ್ಣವಾಗದು.

ಸೊಪ್ಪು, ಹುಳು, ಎಚ್ಚರ

ಮರಿಗಳ ಊಟದಲ್ಲಿ ಹುಳು ಹೆಚ್ಚು, ಸೊಪ್ಪು ಕಡಿಮೆ. ಬೆಳೆದಂತೆ ಇದು ತಿರುಗುಮುರುಗಾಗಬೇಕು. ಅನ್ನ, ಚಪಾತಿ, ಬಿಸ್ಕತ್ತು, ಹಾಲು ಇದರ ಆಹಾರವಲ್ಲ. ದಾಸವಾಳದ ಎಲೆ ಮತ್ತು ಹೂ, ಹಿಪ್ಪುನೇರಳೆ ಎಲೆ, ಕುಂಬಳಕಾಯಿ, ಹುರುಳಿಕಾಯಿ ಕೊಡಬಹುದು. ಪಾಲಕ್ ಮತ್ತು ದಂಟಿನ ಸೊಪ್ಪಿನಲ್ಲಿ ಆಕ್ಸಲೇಟ್ ಹೆಚ್ಚಿದ್ದು ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತದೆ. ಆದ್ದರಿಂದ ಅವು ದಿನನಿತ್ಯಕ್ಕೆ ಬೇಡ. ಬೆಣ್ಣೆಹಣ್ಣು ವಿಷ. ಹುಳುವಿನ ಗಾತ್ರ ಓತಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ಹುಳುಗಳಲ್ಲಿ ಕ್ಯಾಲ್ಸಿಯಂ ಕಡಿಮೆ, ರಂಜಕ ಹೆಚ್ಚು. ಹಾಗಾಗಿ ಕೊಡುವ ಮುನ್ನ ಕ್ಯಾಲ್ಸಿಯಂ ಪುಡಿ ಉದುರಿಸಬೇಕು.

ಚಾಮರಾಜನಗರ ರೇಷ್ಮೆಯ ಜಿಲ್ಲೆ. ರೇಷ್ಮೆಹುಳು ಗಡ್ಡದ ಓತಿಗೆ ಒಳ್ಳೆಯ ಆಹಾರ. ಆದರೆ ಸಾಕಣೆ ಮನೆಗಳಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಮುಂತಾದ ಸೋಂಕುನಿವಾರಕಗಳನ್ನು ಬಳಸುವುದರಿಂದ ಅಲ್ಲಿಂದ ತಂದ ಹುಳುವನ್ನು ನೇರವಾಗಿ ತಿನ್ನಿಸುವುದು ಸರಿಯಲ್ಲ. ಗುಂಡ್ಲುಪೇಟೆ ಸುತ್ತಿನ ಚೆಂಡು ಹೂ, ಸೂರ್ಯಕಾಂತಿ, ತರಕಾರಿ ಹೊಲಗಳಲ್ಲಿ ಹಿಡಿದ ಮಿಡತೆಯೂ ಕೀಟನಾಶಕ ಹೊತ್ತು ತಂದೀತು. ಮನೆಯ ಜಿರಳೆಗೂ ಇದೇ ಮಾತು. ಮಿಂಚುಹುಳುವನ್ನಂತೂ ಹತ್ತಿರ ಸುಳಿಯಗೊಡಬಾರದು. ಅಮೆರಿಕದಲ್ಲಿ ಮಿಂಚುಹುಳು ತಿಂದು ಗಡ್ಡದ ಓತಿಗಳು ಸತ್ತ ಪ್ರಕರಣಗಳನ್ನು ವಿಜ್ಞಾನಿಗಳು 1999ರಲ್ಲಿ ದಾಖಲಿಸಿದ್ದಾರೆ.

ಮನೆಯವರ ಆರೋಗ್ಯ

ಆರೋಗ್ಯವಾಗಿ ಕಾಣುವ ಓತಿಯ ಕರುಳಿನಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮುಟ್ಟಿದ ನಂತರ, ಸ್ನಾನ ಮಾಡಿಸಿದ ನಂತರ ಸೋಪಿನಿಂದ ಕೈ ತೊಳೆಯಲೇಬೇಕು. 2024ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ತನಿಖೆ ಮಾಡಿದ, ಗಡ್ಡದ ಓತಿಗಳಿಗೆ ನಂಟಿದ್ದ ಸಾಲ್ಮೊನೆಲ್ಲಾ ಪ್ರಕರಣಗಳಲ್ಲಿ ಒಂದು ವರ್ಷದೊಳಗಿನ ಹಸುಗೂಸುಗಳೇ ಹೆಚ್ಚಿದ್ದವು. ಕೂಸುಗಳು ಪ್ರಾಣಿಯನ್ನು ಮುಟ್ಟಬೇಕೆಂದೇನೂ ಇಲ್ಲ, ದೊಡ್ಡವರ ಕೈ, ಬಟ್ಟೆಯ ಮೂಲಕವೂ ಸೋಂಕು ದಾಟುತ್ತದೆ. 5 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವೃದ್ಧರು ಇರುವ ಮನೆಗೆ ಈ ಪ್ರಾಣಿ ತಕ್ಕುದಲ್ಲ.

ವೈದ್ಯರ ವಿಷಯವನ್ನೂ ಮೊದಲೇ ಯೋಚಿಸಬೇಕು. ಚಾಮರಾಜನಗರ, ಗುಂಡ್ಲುಪೇಟೆ ಎರಡರಿಂದಲೂ ಮೈಸೂರು ಸುಮಾರು 60 ಕಿ.ಮೀ. ದೂರ. ಪಶು ಆಸ್ಪತ್ರೆಗಳ ವೈದ್ಯರ ದಿನದ ಕೆಲಸ ದನ, ಎಮ್ಮೆ, ಕುರಿ, ಮೇಕೆಗಳದ್ದು. ಸರೀಸೃಪ ನೋಡುವ ವೈದ್ಯರು ಎಲ್ಲಿದ್ದಾರೆಂದು ಪ್ರಾಣಿ ತರುವ ಮೊದಲೇ ವಿಚಾರಿಸಿ ಇಟ್ಟುಕೊಳ್ಳಬೇಕು. ಸಾಗಿಸುವಾಗ ಗಾಳಿಯಾಡುವ, ಒಳಗೆ ಬಟ್ಟೆ ಹಾಸಿದ ಪೆಟ್ಟಿಗೆ ಬಳಸಬೇಕು.

ಕಾನೂನು ಏನು ಹೇಳುತ್ತದೆ?

ಕೊಳ್ಳುವ ಮುನ್ನ ಮೂಲ ವಿಚಾರಿಸುವುದು ಅತಿ ಮುಖ್ಯ. ಆಸ್ಟ್ರೇಲಿಯಾ ತನ್ನ ನೆಲದ ಸರೀಸೃಪಗಳನ್ನು ಜೀವಂತವಾಗಿ ವಾಣಿಜ್ಯ ಉದ್ದೇಶಕ್ಕೆ ಹೊರಕಳಿಸಲು ಬಿಡುವುದಿಲ್ಲ. ಹೊರಗೆ ಮಾರಾಟವಾಗುವ ಗಡ್ಡದ ಓತಿಗಳು ಸಾಕಣೆಯಲ್ಲೇ ಹುಟ್ಟಿದವು. ಆದರೆ ವಿದೇಶಿ ಪ್ರಾಣಿಗಳ ಕಳ್ಳಸಾಗಣೆ ಕರ್ನಾಟಕಕ್ಕೆ ದೂರದ ಸಂಗತಿಯೇನಲ್ಲ. 2023ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಸಾಮಾನಿನಲ್ಲಿ ಹೆಬ್ಬಾವು, ಇಗುವಾನ, ಆಮೆ ಸೇರಿ 234 ಪ್ರಾಣಿಗಳು ಪತ್ತೆಯಾದವು. ಅವುಗಳ ನಡುವೆ ಉಸಿರುಗಟ್ಟಿ ಸತ್ತ ಕಾಂಗರೂ ಮರಿಯೂ ಇತ್ತು.

2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ, ಅಂತರರಾಷ್ಟ್ರೀಯ ‘ಸೈಟಿಸ್’ ಒಪ್ಪಂದದ ಪಟ್ಟಿಯಲ್ಲಿದ್ದು ಕಾಯಿದೆಯ 4ನೇ ಅನುಸೂಚಿಗೆ ಸೇರಿದ ಜೀವಂತ ಪ್ರಾಣಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕು. 2024ರ ಫೆಬ್ರುವರಿಯಲ್ಲಿ ಪ್ರಕಟವಾದ ನಿಯಮಗಳ ಪ್ರಕಾರ ಇದನ್ನು ಕೇಂದ್ರ ಸರ್ಕಾರದ ‘ಪರಿವೇಶ್’ ಜಾಲತಾಣದ ಮೂಲಕ ಮಾಡಬೇಕು. ಹಸಿರು ಇಗುವಾನ, ಬಾಲ್ ಪೈಥಾನ್‌ನಂಥವು ಈ ವ್ಯಾಪ್ತಿಗೆ ಬರುತ್ತವೆ. ಪಟ್ಟಿ ಕಾಲಕಾಲಕ್ಕೆ ಬದಲಾಗುವುದರಿಂದ, ತಾವು ಕೊಳ್ಳುವ ಪ್ರಭೇದದ ಹೆಸರು ಅದರಲ್ಲಿದೆಯೇ ಎಂದು ಕೊಳ್ಳುವ ದಿನವೇ ನೋಡಬೇಕು. 2018ರ ನಿಯಮದಂತೆ ಸಾಕುಪ್ರಾಣಿ ಅಂಗಡಿಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ರಶೀದಿ ಕೊಡದ, ಮೂಲ ಹೇಳದ ಮಾರಾಟಗಾರರಿಂದ ದೂರವಿರುವುದೇ ಮೇಲು.

ವಿದೇಶಿ ಓತಿ ದುಬಾರಿಯೆಂದು ಊರ ಹೊರಗಿನ ಪ್ರಾಣಿ ಹಿಡಿದು ತರುವುದು ಇನ್ನೂ ದೊಡ್ಡ ತಪ್ಪು. ಉಡ ಮತ್ತು ನಕ್ಷತ್ರ ಆಮೆ ಕಾಯಿದೆಯ 1ನೇ ಅನುಸೂಚಿಯಲ್ಲಿವೆ. ಇವನ್ನು ಹಿಡಿದರೆ, ಸಾಕಿದರೆ, ಮಾರಿದರೆ ಕನಿಷ್ಠ 3, ಗರಿಷ್ಠ 7 ವರ್ಷ ಸೆರೆವಾಸ ಹಾಗೂ ದಂಡ ವಿಧಿಸಬಹುದು. ಗೋಸುಂಬೆಗೂ ಕಾಯಿದೆಯ ರಕ್ಷಣೆಯಿದೆ.

ಕಾಡಿಗೆ ಬಿಟ್ಟರೆ ಮುಗಿಯದು

ಸಾಕಲಾಗದಾದಾಗ ‘ಪಕ್ಕದಲ್ಲೇ ಬಂಡೀಪುರ ಇದೆ, ಬಿಟ್ಟುಬಿಡೋಣ’ ಎಂಬ ಯೋಚನೆ ಬಂದೀತು. ಅದು ಪುಣ್ಯದ ಕೆಲಸವಲ್ಲ. ಪೆಟ್ಟಿಗೆಯಲ್ಲಿ ಹುಟ್ಟಿ ಬೆಳೆದ ಪ್ರಾಣಿ ಅಲ್ಲಿನ ಹದ್ದು, ಮುಂಗುಸಿ, ಮಳೆಗಳ ನಡುವೆ ಹೆಚ್ಚು ದಿನ ಬಾಳದು. ಸಾಯುವ ಮುನ್ನ ತನ್ನ ರೋಗವನ್ನು ಅಲ್ಲಿಗೆ ಅಂಟಿಸಿ ಹೋಗುವ ಅಪಾಯವೂ ಇದೆ. ಸಾಕಿದ ಗಡ್ಡದ ಓತಿಗಳಲ್ಲಿ ಅಡಿನೋವೈರಸ್ ಮತ್ತು ಚರ್ಮ ಕೊಳೆಸುವ ಶಿಲೀಂಧ್ರ ಸಾಮಾನ್ಯವಾಗಿ ಕಾಣಿಸುತ್ತವೆ. ನಮ್ಮ ಓತಿಕ್ಯಾತ, ಬಂಡೆ ಓತಿಗಳು ಅದೇ ಕುಟುಂಬದವು. ಸಾಕಿ ಸಾಕಾಗಿ ಕೆರೆಗೆ ಬಿಟ್ಟ ಕೆಂಪುಕಿವಿಯ ಆಮೆಗಳು ದೇಶದ ಹಲವೆಡೆ ಸ್ಥಳೀಯ ಆಮೆಗಳಿಗೆ ಪೈಪೋಟಿಯಾಗಿರುವುದು ಕಣ್ಣಮುಂದಿರುವ ಪಾಠ. ಸಾಕಲಾಗದವರು ಪ್ರಾಣಿಯನ್ನು ಮತ್ತೊಬ್ಬ ಅನುಭವಿ ಸಾಕಣೆದಾರರಿಗೆ ಒಪ್ಪಿಸಬೇಕು, ಇಲ್ಲವೇ ಅರಣ್ಯ ಇಲಾಖೆಯ ಸಲಹೆ ಕೇಳಬೇಕು.

ಒಟ್ಟಿನಲ್ಲಿ ವಾರಕ್ಕೊಮ್ಮೆ ಹದವಾದ ನೀರು, ದಿನವಿಡೀ ಸರಿಯಾದ ಬೆಳಕು, ವಿಷವಿಲ್ಲದ ಆಹಾರ, ತೊಳೆದ ಕೈ, ಕೈಯಲ್ಲೊಂದು ರಶೀದಿ ಇಷ್ಟನ್ನು ಹತ್ತು ವರ್ಷ ತಪ್ಪದೆ ನಿಭಾಯಿಸಬಲ್ಲ ಮನೆಗೆ ಮಾತ್ರ ಗಡ್ಡದ ಓತಿ ಬರಲಿ. ಉಳಿದವರಿಗೆ ಹಿತ್ತಲ ಬೇಲಿಯ ಓತಿಕ್ಯಾತ ಇದ್ದೇ ಇದೆ. ಅದನ್ನು ಮೀಯಿಸಬೇಕಿಲ್ಲ, ಉಣಿಸಬೇಕಿಲ್ಲ. ಕಲ್ಲು ಹೊಡೆಯದೆ ಅದರ ಪಾಡಿಗೆ ಬಿಟ್ಟರೆ ಸಾಕು.